ಎ4 ಹಾಳೆ, ಎಲಾಸ್ಟಿಕ್, ಚರ್ಮದ ಕವರ್: ನನ್ನ ರಿಫಿಲ್ ನೋಟ್‌ಬುಕ್ ಬಳಸಿ ನೋಡಿದ ಮೇಲೆ

ರಿಫಿಲ್ ಹಾಕುವ ನೋಟ್‌ಬುಕ್ ಕೊಳ್ಳುವವರು ಮೊದಲು ಕವರ್ ನೋಡಿ ಮರುಳಾಗುತ್ತಾರೆ. ನೋಡಬೇಕಾದದ್ದು ರಿಫಿಲ್, ಅಂದರೆ ಒಳಗೆ ಹಾಕುವ ಪುಸ್ತಿಕೆ, ಎಲ್ಲಿ ಸಿಗುತ್ತದೆ ಅನ್ನೋದನ್ನ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಕೂತು ಎರಡು ತಿಂಗಳಿಗೊಮ್ಮೆ ಜಪಾನಿನ ಪುಸ್ತಿಕೆ ತರಿಸಿಕೊಳ್ಳೋದು ನನ್ನ ಜೇಬಿಗಂತೂ ಆಗುವ ಮಾತಲ್ಲ.

ಈ ನೋಟ್‌ಬುಕ್ ಅಂದರೆ ಇಷ್ಟೇ: ಒಂದು ಚರ್ಮದ ತುಂಡು, ಬೆನ್ನಿನಲ್ಲಿ ಎಲಾಸ್ಟಿಕ್, ಅದಕ್ಕೆ ಸಿಕ್ಕಿಸಿದ ತೆಳು ಪುಸ್ತಿಕೆಗಳು. ಇದನ್ನು ಜನಪ್ರಿಯ ಮಾಡಿದ್ದು ಜಪಾನಿನ ಮಿಡೋರಿ ಬ್ರ್ಯಾಂಡ್, 2006ರಲ್ಲಿ. ಅವರ ಪುಸ್ತಿಕೆ ಅಗಲ 110, ಎತ್ತರ 210 ಮಿಲಿಮೀಟರ್. ನೋಡೋಕೆ ಚೆಂದ. ಆದರೆ ಎ4 ಹಾಳೆಯಿಂದ ಅದನ್ನು ಮಾಡಹೊರಟರೆ ಪ್ರತಿ ಹಾಳೆಯಲ್ಲೂ ಏಳೂವರೆ ಸೆಂಟಿಮೀಟರಿಗಿಂತ ಜಾಸ್ತಿ ಪಟ್ಟಿ ಕತ್ತರಿಸಿ ಬಿಸಾಡಬೇಕು. ಎ5 ಆದರೆ ಆ ತಂಟೆಯೇ ಇಲ್ಲ. ಎ4 ಹಾಳೆಯನ್ನು ನಡುವೆ ಮಡಚಿದರೆ ಸಾಕು. ನಾನು ಎ5 ಹಿಡಿದದ್ದು ಇದೊಂದೇ ಕಾರಣಕ್ಕೆ.

ಅದಕ್ಕೂ ಮೊದಲು ಆರು ರಿಂಗಿನ ಬೈಂಡರ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಕೆಲವೇ ತಿಂಗಳಲ್ಲಿ ರಿಂಗಿನ ಬಾಯಿ ಕೂಡುವುದು ನಿಂತಿತು, ಹಾಳೆ ತಿರುಗಿಸಿದಾಗೆಲ್ಲ ಸಿಕ್ಕಿ ಹರಿಯತೊಡಗಿತು. ಮಾರಿದವರಿಂದ ಉತ್ತರವೇ ಇಲ್ಲ. ಇನ್ನೊಂದು ಕಿರಿಕಿರಿ: ಝೆರಾಕ್ಸ್ ಅಂಗಡಿಯಲ್ಲಿ ಇರುವುದು 80 ಮಿಲಿಮೀಟರ್ ಅಂತರದ ಎರಡು ತೂತಿನ ಪಂಚ್. ಆರು ತೂತಿನದ್ದು ಬೇಕಾದರೆ ನೀವೇ ಕೊಳ್ಳಬೇಕು.

ಈಗಿನ ಕವರ್ ಧಾರಾವಿಯ ಒಂದು ಚರ್ಮದ ಅಂಗಡಿಯದ್ದು. ಹೊಲಿಗೆ ಇಲ್ಲ, ಒಳಗೆ ಬಟ್ಟೆ ಇಲ್ಲ. ಎತ್ತರ 22.5, ಅಗಲ 33 ಸೆಂಟಿಮೀಟರಿನ ಒಂದೇ ತುಂಡು. ಬೆನ್ನಿನಲ್ಲಿ ತೂತು ಹಾಕಿ ಎಂದದ್ದಕ್ಕೆ ಅವರು ಬೆಲ್ಟಿಗೆ ತೂತು ಹಾಕುವ ಇಕ್ಕಳದಲ್ಲಿ ಅಲ್ಲೇ ಹಾಕಿಕೊಟ್ಟರು. ಎಲಾಸ್ಟಿಕ್ ಎರಡು ಮಿಲಿಮೀಟರಿನ ಗುಂಡು ದಾರ, ಗುಂಡಿ-ಲೇಸು ಮಾರುವ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ವರ್ಷ ಕಳೆದರೆ ಅದು ಸಡಿಲವಾಗುತ್ತದೆ. ಬದಲಾಯಿಸೋಕೆ ಐದು ನಿಮಿಷ.

ಹಾಳೆ ವಿಷಯಕ್ಕೆ ಬರೋಣ. 75 ಜಿಎಸ್‌ಎಮ್ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ) ಝೆರಾಕ್ಸ್ ಹಾಳೆ ಜೆಲ್ ಪೆನ್ನಿಗೆ ಸಾಕು. ಶಾಯಿ ಪೆನ್ನು ಅಂದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ. 100 ಜಿಎಸ್‌ಎಮ್ ಬೇಕು. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ರೀಮ್‌ಗಟ್ಟಲೆ ಕೊಂಡರೆ ಅಗ್ಗ. ಆದರೆ ಅದನ್ನು ಹೊತ್ತು ಸಂಜೆ ಲೋಕಲ್ ರೈಲು ಹತ್ತಬೇಕು, ಯೋಚಿಸಿ.

ಗೆರೆ ನಾನೇ ಪ್ರಿಂಟ್ ಮಾಡಿಸುತ್ತೇನೆ. ಈ ಪದ್ಧತಿಯಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಡೈರಿಯವರು ಈಗ ಎಲ್ಲೆಲ್ಲೂ ಕೊಡುವ ಐದು ಮಿಲಿಮೀಟರ್ ಚುಕ್ಕಿ ಹಾಳೆಯಲ್ಲಿ ಕನ್ನಡ ಬರೆದು ನೋಡಿ. ‘ರಾಷ್ಟ್ರ’ ಅಂತ ಬರೆದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ದಿನಚರಿಗೆ ನಾನು ಗೆರೆಗಳ ನಡುವೆ ಎಂಟು ಮಿಲಿಮೀಟರ್ ಇಟ್ಟಿದ್ದೇನೆ. ಪ್ಲಾನಿಂಗಿಗೆ ಎಡಪುಟದಲ್ಲಿ ವಾರ, ಬಲಪುಟ ಖಾಲಿ. ಪುಟಕ್ಕೆ ತಾರೀಕು ಹಾಕುವುದಾದರೆ ಮಡಚಿದ ಮೇಲೆ ಪುಟಗಳು ಸಾಲಾಗಿ ಬರುವಂತೆ ಪ್ರಿಂಟ್ ಮಾಡುವಾಗ ‘ಬುಕ್‌ಲೆಟ್’ ಆರಿಸಿ, ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವ ಹಾಗೆ ನೋಡಿಕೊಳ್ಳಿ.

ಹನ್ನೆರಡು ಹಾಳೆ ಮಡಚಿದರೆ 48 ಪುಟ. ಅದಕ್ಕಿಂತ ಜಾಸ್ತಿ ಸೇರಿಸಿದರೆ ಒಳಗಿನ ಹಾಳೆಗಳ ಅಂಚು ಹೊರಗೆ ಇಣುಕುತ್ತದೆ. ಮಡಿಕೆಯ ಮೇಲೆ ಸ್ಟೀಲ್ ಚಮಚದ ಹಿಡಿಯಿಂದ ಗಟ್ಟಿಯಾಗಿ ಎಳೆಯಿರಿ, ಇಲ್ಲದಿದ್ದರೆ ಪುಸ್ತಿಕೆ ಬಾಯಿ ಮುಚ್ಚುವುದೇ ಇಲ್ಲ. ಆಮೇಲೆ ಡಬ್ಬಣದಿಂದ ಮೂರು ತೂತು. ಸೂಜಿ ನಡುವಿನ ತೂತಿನಿಂದ ಹೊರಗೆ, ಮೇಲಿನದರಿಂದ ಒಳಗೆ, ನಡುವಿನದನ್ನು ದಾಟಿ ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನದರಿಂದ ಒಳಗೆ. ಒಳಗೆ ಉದ್ದಕ್ಕೆ ಹಾದ ದಾರವನ್ನು ನಡುವೆ ಹಿಡಿದು ಎರಡು ತುದಿಗಳಿಗೆ ಗಂಟು ಹಾಕಿ. ಟಿವಿ ನೋಡುತ್ತಾ ಮಾಡುವ ಕೆಲಸ.

ಒಳಗೆ ಮೂರು ಪುಸ್ತಿಕೆ: ಪ್ಲಾನಿಂಗ್, ಮನೆ ಲೆಕ್ಕ, ದಿನಚರಿ. ನಾಲ್ಕನೆಯದು ಸೇರಿದರೆ ಕವರ್ ಉಬ್ಬುತ್ತದೆ. ಆಫೀಸಿಗೆ ಹೋಗುವಾಗ ದಿನಚರಿ ಕಳಚಿ ಮನೆಯಲ್ಲೇ ಬಿಡುತ್ತೇನೆ. ಮೀಟಿಂಗಿನಲ್ಲಿ ಪಕ್ಕದವರ ಕಣ್ಣು ಎಲ್ಲಿರುತ್ತದೆ ಅಂತ ಗೊತ್ತಲ್ವಾ? ಎಲ್ಲವನ್ನೂ ಒಟ್ಟಿಗೆ ಬೈಂಡ್ ಮಾಡಿದ ಡೈರಿಯಲ್ಲಿ ಈ ಸೌಲಭ್ಯ ಇಲ್ಲ.

ಅತ್ತೆಗೆ ಚರ್ಮ ಅಷ್ಟಕ್ಕಷ್ಟೆ. “ಅದನ್ನ ದೇವರ ಗೂಡಿನ ಹತ್ರ ಇಡಬೇಡಮ್ಮ” ಅಂದವರು, ಮರುವಾರ ಭಜನೆ ಹಾಡು ಬರೆದಿಟ್ಟುಕೊಳ್ಳೋಕೆ ತಮಗೊಂದು ಮಾಡಿಕೊಡು ಅಂದರು. ಬಟ್ಟೆಯ ಕವರ್, ಹನ್ನೆರಡು ಮಿಲಿಮೀಟರ್ ಗೆರೆ. ಕನ್ನಡಕ ಇಲ್ಲದೆ ಓದುತ್ತಾರೆ.

ಕೊರತೆ ಇಲ್ಲ ಅಂತಲ್ಲ. ಲೋಕಲ್‌ನಲ್ಲಿ ನಿಂತು ಎ5ನಲ್ಲಿ ಬರೆಯುವುದು ಸಾಧ್ಯವಿಲ್ಲದ ಮಾತು, ಅದಕ್ಕೆ ಫೋನೇ ಗತಿ. ಮುಂಬಯಿ ಮಳೆಗಾಲ ಇನ್ನೊಂದು ಶತ್ರು. ಜುಲೈನಲ್ಲಿ ಕವರನ್ನು ಮುಚ್ಚಿದ ಕಪಾಟಿನಲ್ಲಿಟ್ಟರೆ ಬಿಳಿ ಬೂಷ್ಟು ಗ್ಯಾರಂಟಿ. ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಇಡಿ, ಬಿಸಿಲಿಗೆ ಬೇಡ, ಚರ್ಮ ಸೆಟೆದುಕೊಳ್ಳುತ್ತದೆ. ಹಾಳೆಯೂ ತೇವ ಎಳೆದುಕೊಳ್ಳುತ್ತದೆ, ಆಗ ಶಾಯಿ ಪೆನ್ನು ಬಿಟ್ಟು ಬಾಲ್ ಪೆನ್ನು ಹಿಡಿಯುತ್ತೇನೆ.

ಹೊಲಿಯೋಕೆ ಬೇಜಾರು ಅನ್ನುವವರು ಉದ್ದ ಸ್ಟೇಪ್ಲರ್ ಇರುವ ಅಂಗಡಿಯಲ್ಲಿ ನಡುವೆ ಪಿನ್ ಹೊಡೆಸಬಹುದು. ಲೆಕ್ಕದ ಪುಸ್ತಿಕೆಗೆ ಪರವಾಗಿಲ್ಲ. ವರ್ಷಗಟ್ಟಲೆ ಇಡುವ ದಿನಚರಿಗೆ ಮಾತ್ರ ಬೇಡ, ಇಲ್ಲಿಯ ಗಾಳಿಗೆ ಪಿನ್ ಬೇಗ ತುಕ್ಕು ಹಿಡಿಯುತ್ತದೆ.