ಹಳೇ ಪ್ರೇಮಪತ್ರಗಳ ಸ್ಕ್ಯಾನಿಂಗ್: ಸಿಂಧನೂರಿನ ಒಂದು ಸ್ಟುಡಿಯೊ

ಪೂರ್ವ ಬಂಗಾಳದಿಂದ ಬಂದು ಸಿಂಧನೂರಿನ ನಿರಾಶ್ರಿತರ ಕ್ಯಾಂಪಿನಲ್ಲಿ ನೆಲೆನಿಂತ ಅಜ್ಜಿಯೊಬ್ಬರು ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯೊಳಗೆ ಜೀವಮಾನವಿಡೀ ಬಚ್ಚಿಟ್ಟ 23 ಪತ್ರಗಳು. ಗಂಡನಿಗೂ ಗೊತ್ತಿರದ ಪ್ರೀತಿ. ಅವರ ಒಪ್ಪಿಗೆ ಪಡೆದೇ ಇಷ್ಟು ಬರೆಯುತ್ತಿದ್ದೇವೆ. ಬಸ್ ಸ್ಟ್ಯಾಂಡ್ ಹತ್ತಿರದ ಈ ಸ್ಟುಡಿಯೊಗೆ ಇಂಥ ಕೆಲಸ ಕೊಡಬಹುದು, ಆದರೆ ಎದುರಿಗೇ ಕೂತು ಮಾಡಿಸಬೇಕು.

ಸ್ಕ್ಯಾನಿಂಗ್ ಅಚ್ಚುಕಟ್ಟು. ಗಾಜಿನ ಮೇಲೆ ಹಾಳೆ ಹಾಸಿ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ), ಬಣ್ಣದಲ್ಲೇ ತೆಗೆಯುತ್ತಾರೆ. ಕಪ್ಪು-ಬಿಳುಪು ಬೇಡವೇ ಬೇಡ. ಮಾಸಿದ ನೀಲಿ ಶಾಯಿ ಹಳದಿ ಕಾಗದದಲ್ಲಿ ಕರಗಿಹೋಗುತ್ತದೆ. ಹಾಳೆ ಎಳೆದುಕೊಳ್ಳುವ ಫೀಡರ್‌ಗೆ ಹಾಕಲು ಬಿಡಬೇಡಿ, ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ. ಇನ್‌ಲ್ಯಾಂಡ್ ಪತ್ರವಾದರೆ ಅಂಟಿನ ಅಂಚನ್ನೂ ಬಿಡಿಸಿ ನೋಡಿ. ಒಂದರಲ್ಲಿ ಕೊನೆಯ ಎರಡು ಸಾಲು ಅಲ್ಲೇ ಅಡ್ಡಡ್ಡ ಇದ್ದವು. ಅಕ್ಷರ ಪೂರಾ ಮಾಸಿದ್ದರೂ ಅಜ್ಜಿಗೆ ಅವು ಬಾಯಿಪಾಠ.

ಕೆಲಸದ ಹುಡುಗನಿಗೆ ಬಂಗಾಳಿ ಬಾರದು. ಗುಟ್ಟು ಉಳಿಯಿತು, ಪುಟಗಳ ಕ್ರಮ ಮಾತ್ರ ಕಲಸಿಹೋಯಿತು. ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ನಂಬರ್ ಹಾಕಿಯೇ ಕೊಡಿ. ಬಾಲ್‌ಪೆನ್ ಒತ್ತು ಮುಂಬದಿಗೆ ಮೂಡುತ್ತದೆ.

ಕ್ಷಮಿಸಲಾಗದ ತಪ್ಪು ಒಂದಿದೆ: ಕೇಳದೆಯೇ ಎರಡು ಪತ್ರ ಲ್ಯಾಮಿನೇಟ್ ಮಾಡಿಬಿಟ್ಟರು. ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ಆಮೇಲೆ ಬಿಡಿಸಹೋದರೆ ಪತ್ರವೇ ಹೋಗುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಕೂಡ ಬೇಡ, ಅಂಟು ಕಂದು ಕಲೆಯಾಗಿ ಉಳಿಯುತ್ತದೆ.

ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಸಿ, ಕಂಪ್ಯೂಟರಿನಿಂದಲೂ ರಿಸೈಕಲ್ ಬಿನ್‌ನಿಂದಲೂ ಕಣ್ಣೆದುರೇ ಅಳಿಸಿಸಿ. ವಾಟ್ಸಾಪ್ ಬೇಡ. ಫೋಟೊ ಆಗಿ ಕಳಿಸಿದರೆ ಚಿತ್ರದ ಸ್ಪಷ್ಟತೆ ಕುಗ್ಗುತ್ತದೆ, ಮೇಲಾಗಿ ಅಜ್ಜಿಯ ಫೋನು ಸದಾ ಮೊಮ್ಮಕ್ಕಳ ಕೈಯಲ್ಲಿರುತ್ತದೆ.