ಕಬ್ಬಿಣದ ಡ್ರಿಪ್ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್: ಕೊಲೈಟಿಸ್, ಕ್ರೋನ್ಸ್ ಇರುವವರಿಗೆ ಹೇಗೆ?

ಕರುಳಿನಲ್ಲಿ ದೀರ್ಘಕಾಲ ಉರಿಯೂತ ಇರುವ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ ಇದ್ದು ರಕ್ತ ಕಡಿಮೆಯಾದರೆ ಮೊದಲು ಚೀಟಿಯಲ್ಲಿ ಬರುವುದು ಕಬ್ಬಿಣದ ಮಾತ್ರೆ. ಕಾಯಿಲೆ ಹತೋಟಿಯಲ್ಲಿದ್ದು ಹಿಮೋಗ್ಲೋಬಿನ್ 10ರ ಮೇಲಿದ್ದರೆ ಅದೇ ಸಾಕು, ದಿನಕ್ಕೆ 100 ಮಿ.ಗ್ರಾಂ ಕಬ್ಬಿಣಾಂಶ ಮೀರದಂತೆ. ಕರುಳು ಕೆರಳಿರುವಾಗ ಮಾತ್ರ ಲೆಕ್ಕ ಬೇರೆ. ಉರಿಯೂತ ಏರಿದರೆ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ, ಅದು ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ದಾರಿಯನ್ನೇ ಮುಚ್ಚುತ್ತದೆ. ಒಳಗೆ ಉಳಿದ ಕಬ್ಬಿಣದಿಂದ ಹೊಟ್ಟೆನೋವು, ಭೇದಿ. ಮಲವೂ ಕಪ್ಪಾಗುತ್ತದೆ, ಅದು ಮಾತ್ರೆಯ ಬಣ್ಣವೋ, ರಕ್ತವೋ ಎಂದು ಮನೆಮಂದಿಗೆಲ್ಲ ಗಾಬರಿ.

ಇಂಥವರಿಗೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಇಂಜೆಕ್ಷನ್ ನಿಜಕ್ಕೂ ಒಳ್ಳೆಯ ಔಷಧ. 10 ಮಿ.ಲೀ. ವಯಲ್‌ನಲ್ಲಿ 500 ಮಿ.ಗ್ರಾಂ ಕಬ್ಬಿಣ. ಒಂದು ಸಲಕ್ಕೆ, ಒಂದು ವಾರಕ್ಕೂ, ಹೆಚ್ಚೆಂದರೆ 1000 ಮಿ.ಗ್ರಾಂ. 250 ಮಿ.ಲೀ. ಮೀರದ ನಾರ್ಮಲ್ ಸಲೈನ್‌ನಲ್ಲಿ ಬೆರೆಸಿದರೆ ಬಾಟಲಿ ಪೂರ್ತಿ ಡಿಕಾಕ್ಷನ್ ಬಣ್ಣ; 15 ನಿಮಿಷದಲ್ಲಿ ಮುಗಿಯುತ್ತದೆ. ರೂಢಿಯಲ್ಲಿ ಎಲ್ಲ ಡ್ರಿಪ್‌ಗೂ ‘ಗ್ಲೂಕೋಸ್’ ಅನ್ನುತ್ತೇವೆ, ಆದರೆ ಇದನ್ನು ಗ್ಲೂಕೋಸ್‌ನಲ್ಲಿ ಬೆರೆಸುವಂತಿಲ್ಲ. 35ರಿಂದ 70 ಕೆ.ಜಿ. ತೂಕದವರಿಗೆ ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿದ್ದರೆ ಒಟ್ಟು 1500 ಮಿ.ಗ್ರಾಂ, 10 ಅಥವಾ ಮೇಲಿದ್ದರೆ 1000.

ಸೂಜಿ ಹಾಕುವಾಗ ಒಂದು ಎಚ್ಚರಿಕೆ. ಔಷಧ ನರದಿಂದ ಹೊರಗೆ ಜಿನುಗಿದರೆ ಚರ್ಮದಲ್ಲಿ ಕಂದು ಕಲೆ ಬೀಳುತ್ತದೆ, ವರ್ಷಗಟ್ಟಲೆ ಉಳಿಯಲೂಬಹುದು. ಮೊದಲು ಬರೀ ಸಲೈನ್ ಬಿಟ್ಟು ನೋಡಲಿ. ಉರಿ, ಊತ ಕಂಡರೆ ತಕ್ಷಣ ನಿಲ್ಲಿಸಲು ಹೇಳಿ. ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಬೇಕು: ಅಪರೂಪವಾದರೂ ತೀವ್ರ ಅಲರ್ಜಿ ಆಗಬಹುದು.

ಇದರ ದೊಡ್ಡ ದೋಷ, ಮೂಳೆ ಮತ್ತು ಮಾಂಸಖಂಡಗಳಿಗೆ ಬೇಕಾದ ಫಾಸ್ಫೇಟ್ ರಕ್ತದಲ್ಲಿ ಇಳಿಯುವುದು. ಈ ಔಷಧ ಎಫ್‌ಜಿಎಫ್-23 ಎಂಬ ಹಾರ್ಮೋನನ್ನು ಏರಿಸುತ್ತದೆ, ಕಿಡ್ನಿ ಫಾಸ್ಫೇಟನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಆಗ ಸುಸ್ತು, ಮಾಂಸಖಂಡಗಳಲ್ಲಿ ನಿಶ್ಶಕ್ತಿ, ಮೂಳೆನೋವು. ಸುಸ್ತು ರಕ್ತಹೀನತೆಯಲ್ಲೂ ಇರುವುದರಿಂದ, ‘ಕಬ್ಬಿಣ ಸಾಲಲಿಲ್ಲ’ ಎಂದು ಇನ್ನೊಂದು ಬಾಟಲಿ ಹಾಕಿಸಿದರೆ ಫಾಸ್ಫೇಟ್ ಮತ್ತಷ್ಟು ಇಳಿಯುತ್ತದೆ. ಮತ್ತೆ ಮತ್ತೆ ಹಾಕಿಸಿಕೊಳ್ಳುವವರಲ್ಲಿ ಮೂಳೆಯೇ ಮೆತ್ತಗಾಗಿ ಬಿರುಕು ಬಿಡುವುದುಂಟು. ವಿಟಮಿನ್ ಡಿ ಕೊರತೆ ಇರುವವರಿಗೆ ಅಪಾಯ ಹೆಚ್ಚು, ಕ್ರೋನ್ಸ್‌ನವರಲ್ಲಿ ಆ ಕೊರತೆ ಸಾಮಾನ್ಯ. ಎರಡನೇ ಕೋರ್ಸ್‌ಗೆ ಮೊದಲು ಸೀರಮ್ ಫಾಸ್ಫೇಟ್, ವಿಟಮಿನ್ ಡಿ ನೋಡಿಸಿ. ಕಡಿಮೆ ಇದ್ದರೆ ಬೇರೆ ಕಬ್ಬಿಣದ ಇಂಜೆಕ್ಷನ್ ಆಗಬಹುದೇ ಎಂದು ಡಾಕ್ಟರನ್ನು ಕೇಳಿ.

ಲ್ಯಾಬ್ ರಿಪೋರ್ಟಿನಲ್ಲಿ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಪರೀಕ್ಷೆ) 70 ಇದ್ದು ‘ನಾರ್ಮಲ್’ ಎಂದು ಬಂದರೂ ನಂಬಿ ಕೂರಬೇಡಿ. ಉರಿಯೂತವೇ ಫೆರಿಟಿನ್ ಏರಿಸುತ್ತದೆ. ಆಗ 100ರವರೆಗೂ ಕಬ್ಬಿಣದ ಕೊರತೆ ಇರಬಹುದು. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಲೆಕ್ಕ) 20%ಗಿಂತ ಕಡಿಮೆ ಇದೆಯೇ ನೋಡಿ. ಡ್ರಿಪ್ ಆದ ಮೇಲಿನ ಪರೀಕ್ಷೆಗೆ ಕನಿಷ್ಠ 4 ವಾರ ಕಾಯಿರಿ, ಅದಕ್ಕೂ ಮೊದಲು ಮಾಡಿಸಿದರೆ ಫೆರಿಟಿನ್ ಸುಳ್ಳೇ ಹೆಚ್ಚು ತೋರಿಸುತ್ತದೆ.