ದುಡ್ಡು ಕೊಟ್ಟು ಪುಸ್ತಕ ಮಾಡಿಸುವ ಮುಂಚೆ ಓದಿ: ನಮ್ಮ ಪ್ರೇಮಕಥೆಗಳನ್ನು ‘ಸತ್ಯಕಥೆ’ ಎಂದು ಮಾರುವವರಿದ್ದಾರೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಕೂತು ಕ್ವಿಯರ್ (ಸಲಿಂಗ ಪ್ರೇಮಿಗಳ, ಲಿಂಗತ್ವ ಅಲ್ಪಸಂಖ್ಯಾತರ) ಕಥೆ, ಕಾದಂಬರಿ ಬರೆಯುತ್ತಿರುವವರಿಗೆ ಇದು. ಅದರಲ್ಲೂ ಮೊದಲ ಪುಸ್ತಕ ಮುಗಿಸಿ, ಇದನ್ನು ಯಾರು ಹಾಕುತ್ತಾರೆ ಎಂದು ಹುಡುಕುತ್ತಿರುವವರಿಗೆ. ‘ನಿಮ್ಮಂಥ ಲೇಖಕರಿಗಾಗಿಯೇ ನಾವಿದ್ದೀವಿ’ ಎಂದು ಫೋನ್ ಮಾಡಿ, ಪ್ಯಾಕೇಜ್ ಹೇಳಿ, ದುಡ್ಡು ತಗೊಂಡು ಪುಸ್ತಕ ಮಾಡಿಕೊಡುವ ಒಂದು ಪ್ರಕಾಶನದ ಜೊತೆ ನನಗೆ ಆದದ್ದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಇಂಥವರು ಒಬ್ಬರೇ ಇಲ್ಲ, ಅವರ ರೀತಿ ನಿಮಗೆ ಗೊತ್ತಾದರೆ ಸಾಕು. ದುಡ್ಡು ಹೋಗಿದ್ದು ಸಣ್ಣ ಮಾತು. ನನ್ನನ್ನು ನಂಬಿ ತಮ್ಮ ಬದುಕಿನ ಮಾತು ಹೇಳಿದವರಿಗೆ ಆದ ತೊಂದರೆ ದೊಡ್ಡದು.

ಕಾದಂಬರಿ ಇಷ್ಟು. 2009ರಲ್ಲಿ ಬಿಜಾಪುರದ ಕಾಲೇಜಿನಲ್ಲಿ ಇಬ್ಬರು ಹುಡುಗರು ಹತ್ತಿರವಾಗುತ್ತಾರೆ. 2013ರ ಡಿಸೆಂಬರಿನಲ್ಲಿ ದೂರವಾಗುತ್ತಾರೆ. 2018ರಲ್ಲಿ, ಊರಿನ ಹೆಸರೇ ವಿಜಯಪುರ ಆದ ಮೇಲೆ, ಬಾಗಲಕೋಟೆಯ ಒಂದು ಮದುವೆಯಲ್ಲಿ ಮತ್ತೆ ಎದುರಾಗುತ್ತಾರೆ. ಈ ವರ್ಷಗಳನ್ನು ನಾನು ಸುಮ್ನೆ ಆರಿಸಿದ್ದಲ್ಲ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ನಡೆಸುವ ಸಂಬಂಧಕ್ಕೆ, ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ದಂಡ ಸಂಹಿತೆಯ 377ನೇ ಕಲಂ ಹಚ್ಚುವಂತಿಲ್ಲ ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಮತ್ತೆ ಬಾಗಿಲು ತೆರೆಯಿತು. ನಾಲ್ಕು ವರ್ಷ ಸ್ವಲ್ಪ ಉಸಿರಾಡಿ, ಒಂದೇ ದಿನಕ್ಕೆ ಮತ್ತೆ ಅಪರಾಧಿಗಳಾದ ಹುಡುಗರು ಇದ್ದರು, ನಮ್ಮ ಊರಲ್ಲೂ ಇದ್ದರು. ಅದನ್ನೇ ಬರೆಯಬೇಕಿತ್ತು ನನಗೆ.

ಅಗಲಿದವರು ಮತ್ತೆ ಸೇರುವ ಕಥೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು ಗೊತ್ತಾ? ಅಗಲಿದ ಕಾರಣ ಗಟ್ಟಿ ಇರಬೇಕು, ಆದರೆ ಕರಗುವಂಥದ್ದೂ ಆಗಿರಬೇಕು. ಸುಮ್ನೆ ತಪ್ಪು ತಿಳುವಳಿಕೆ ಅಂದರೆ ಓದುಗರು ನಂಬಲ್ಲ. ಹಾಗಂತ ಕೋರ್ಟು ತೀರ್ಪು ಕೊಟ್ಟಿತು, ಇಬ್ಬರೂ ಒಂದಾದರು ಎಂದೂ ಬರೆಯಲು ಬರಲ್ಲ, ಯಾಕೆಂದರೆ ಕಾನೂನು ಬದಲಾದ ಮಾರನೇ ದಿನವೂ ಅಪ್ಪ ಅದೇ ಅಪ್ಪ, ಓಣಿ ಅದೇ ಓಣಿ, ಮತ್ತೆ ಒಬ್ಬನಿಗೆ ಆಗಲೇ ಹೆಣ್ಣು ನೋಡಿ ಮಾತುಕತೆ ಮುಗಿದಿರುತ್ತದೆ. ಇದನ್ನೆಲ್ಲ ತಿಳಿಯಲು ಆ ವರ್ಷಗಳನ್ನು ನಿಜವಾಗಿ ದಾಟಿದವರ ಹತ್ತಿರ ಕೂತು ಕೇಳಬೇಕಾಯಿತು. ಕೆಲವರು ಮಾತಾಡಿದರು. ಮನೆಯಲ್ಲಿ ಅಲ್ಲ, ಗೋಲಗುಂಬಜದ ಮುಂದಿನ ಹುಲ್ಲಿನ ಮೇಲೆ, ಬಾಗಲಕೋಟೆಯ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ. ಎಲ್ಲರದ್ದೂ ಒಂದೇ ಕರಾರು: ರೆಕಾರ್ಡ್ ಮಾಡಬಾರದು, ಹೆಸರು, ಕೆಲಸ, ಊರು ಯಾವುದೂ ಬರಬಾರದು. ಒಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ನಮ್ಮ ಕಥಿ ಬರೀರಿ ಸರ, ನಮ್ಮನ್ನ ಬರೀಬ್ಯಾಡ್ರಿ.’ ನಾನು ಹಾಗೆಯೇ ನಡೆದುಕೊಂಡೆ. ನಾಲ್ಕು ಜನರ ಅನುಭವ ಸೇರಿಸಿ ಒಂದು ಪಾತ್ರ ಮಾಡಿದೆ. ಕೆಲಸ ಬದಲಿಸಿದೆ, ಮನೆತನ ಬದಲಿಸಿದೆ. ನಾಯಕರಲ್ಲಿ ಒಬ್ಬನನ್ನು ಬಾಗಲಕೋಟೆಯ ನವನಗರದ ಶಾಲೆಯ ಮೇಷ್ಟ್ರನ್ನಾಗಿ ಮಾಡಿದೆ. ನನ್ನ ಜೊತೆ ಮಾತಾಡಿದವರಲ್ಲಿ ಮೇಷ್ಟ್ರು ಯಾರೂ ಇರಲಿಲ್ಲ.

ಈಗ ಪ್ರಕಾಶನದ ವಿಷಯಕ್ಕೆ ಬರುತ್ತೇನೆ. 35,000 ರೂಪಾಯಿಯ ಪ್ಯಾಕೇಜ್. ಅದರ ಮೇಲೆ ಪುಸ್ತಕದ ಗುರುತಿನ ನಂಬರ್ ಆದ ಐಎಸ್‌ಬಿಎನ್‌ಗೆ ಬೇರೆ, ‘ಕ್ವಿಯರ್ ಓದುಗರಿಂದ ಪರಿಶೀಲನೆ’ಗೆ ಬೇರೆ, ‘ಕಾನೂನು ಕ್ಲಿಯರೆನ್ಸ್’ಗೆ ಬೇರೆ. ಒಂದೊಂದಾಗಿ ಹೇಳುತ್ತೇನೆ, ಏಕೆಂದರೆ ಇವೇ ಮಾತು ನಿಮಗೂ ಹೇಳುತ್ತಾರೆ. ಭಾರತದಲ್ಲಿ ಐಎಸ್‌ಬಿಎನ್ ಪುಕ್ಕಟೆ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಅದನ್ನು ಕೊಡುತ್ತದೆ, ಲೇಖಕರೇ ನೇರವಾಗಿ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಪುಕ್ಕಟೆ ಸಿಗುವ ನಂಬರಿಗೆ ಸಾವಿರಗಟ್ಟಲೆ ಕೇಳುವವರು ಉಳಿದದ್ದರಲ್ಲೂ ಹಾಗೆಯೇ ಇರುತ್ತಾರೆ.

ಕಾನೂನು ಕ್ಲಿಯರೆನ್ಸ್ ಎಂಬುದಂತೂ ಬರೀ ಹೆದರಿಕೆ ಮಾರುವ ವ್ಯಾಪಾರ. ‘377 ಇನ್ನೂ ಐತ್ರಿ ಸರ, ಕೇಸ್ ಆದ್ರ ನಿಮ್ಮ ಮ್ಯಾಲೇ ಬರ್ತದ, ನಮ್ಮ ವಕೀಲರು ಓದಿ ಸೀಲ್ ಹಾಕ್ತಾರ’ ಎಂದರು. 377 ಇದ್ದ ಕಾಲದಲ್ಲೂ ಅದು ಕೃತ್ಯದ ಬಗ್ಗೆ ಇದ್ದ ಕಲಂ, ಪ್ರೇಮಕಥೆ ಬರೆಯುವುದರ ಬಗ್ಗೆ ಅಲ್ಲ. 2018ರಲ್ಲಿ ವಯಸ್ಕರ ಒಪ್ಪಿತ ಸಂಬಂಧ ಅದರಿಂದ ಹೊರಗೆ ಬಂತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲವೇ ಇಲ್ಲ. ಅಶ್ಲೀಲತೆಯ ಕಾನೂನು ಬೇರೆ ಇದೆ, ಅದು ಗಂಡು-ಹೆಣ್ಣಿನ ಕಥೆಗೂ ನಮ್ಮ ಕಥೆಗೂ ಒಂದೇ. ಈ ದಿನಾಂಕಗಳ ಮೇಲೆಯೇ ಕಾದಂಬರಿ ಕಟ್ಟಿದ ನನಗೇ ಹೀಗೆ ಹೇಳುತ್ತಾರೆ ಅಂದಮೇಲೆ, ಗೊತ್ತಿಲ್ಲದ, ಮನೆಯವರಿಗೆ ಹೆದರಿ ಗುಟ್ಟಾಗಿ ಬರೆಯುತ್ತಿರುವ ಹುಡುಗನ ಹತ್ತಿರ ಎಷ್ಟು ಕೀಳುತ್ತಾರೋ. ನಾನು ಆ ದುಡ್ಡು ಕೊಡಲಿಲ್ಲ.

ಪರಿಶೀಲನೆಯ ದುಡ್ಡು ಕೊಟ್ಟೆ. ಸಮುದಾಯದವರೊಬ್ಬರು ಓದಿ, ಎಲ್ಲಿ ನೋವಾಗುತ್ತದೆ, ಎಲ್ಲಿ ಸುಳ್ಳಾಗಿದೆ ಎಂದು ಹೇಳುವುದು ಒಳ್ಳೆಯ ಕೆಲಸ, ಅದಕ್ಕೆ ದುಡ್ಡು ಸಲ್ಲಬೇಕು. ಆದರೆ ವಾಪಸ್ ಬಂದ ಪುಟಗಳನ್ನು ನೋಡಿದರೆ, ಅದನ್ನು ಓದಿದವರು ಕ್ವಿಯರ್ ಆಗಿರುವುದಿರಲಿ, ನಮ್ಮ ಜಿಲ್ಲೆಯನ್ನೇ ನೋಡಿದವರಲ್ಲ. ಇಬ್ಬರು ಗಂಡಸರ ಪ್ರೀತಿಯ ಕಥೆಗೆ ಸವದತ್ತಿ ಯಲ್ಲಮ್ಮನ ಗುಡ್ಡ ತಂದು ಸೇರಿಸಿ, ಒಬ್ಬನನ್ನು ಜೋಗಪ್ಪನನ್ನಾಗಿ ಮಾಡಿ ಎಂದು ಬರೆದಿದ್ದರು. ‘ಆ ಕಡೆ ಅದೇ ಫೇಮಸ್’ ಅಂತೆ. ಜೋಗಪ್ಪಂದಿರು ಅಂದರೆ ಗಂಡಾಗಿ ಹುಟ್ಟಿ ಹೆಣ್ಣಿನ ಉಡುಪಿನಲ್ಲಿ ಬದುಕುವವರು, ಅವರದು ಯಲ್ಲಮ್ಮನಿಗೆ ಒಪ್ಪಿಸಿಕೊಂಡ ಬದುಕು, ಅದಕ್ಕೆ ಅದರದೇ ಹಾಡು, ಕುಣಿತ, ಕಟ್ಟಳೆ, ಕಷ್ಟ ಇದೆ. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು, ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಅಂಥ ಪರಂಪರೆಯನ್ನು ಮುಖಪುಟದ ಬಣ್ಣಕ್ಕಾಗಿ ಎಳೆದು ತರುವುದು ಅವರಿಗೂ ಅವಮಾನ, ನಮಗೂ ಅವಮಾನ. ಯಾರು ಓದಿದರು, ಅವರ ಜೊತೆ ಮಾತಾಡಬೇಕು ಎಂದು ಕೇಳಿದೆ. ‘ಗೌಪ್ಯ’ ಎಂದರು. ಅಲ್ಲಿಗೆ ನನಗೆ ಅರ್ಥವಾಯಿತು, ಅಂಥ ಓದುಗರೇ ಇಲ್ಲ.

ಆಮೇಲೆ ‘ಅಗತ್ಯ ಸಂಪಾದನೆ’. ಒಪ್ಪಂದದಲ್ಲಿ ಈ ಎರಡು ಪದ ಇದ್ದವು. ಸಹಿ ಮಾಡುವ ಮುಂಚೆ ನಾನು ಕೇಳಿದ್ದೆ, ಕಾಗುಣಿತ ತಿದ್ದುವುದಷ್ಟೇ ಎಂದು ಹೇಳಿದ್ದರು. ಬಂದ ಪ್ರೂಫಿನಲ್ಲಿ ಬಿಜಾಪುರ ಇದ್ದ ಕಡೆಯೆಲ್ಲ ವಿಜಯಪುರ ಆಗಿತ್ತು. 2009ರ ಬಸ್ಸಿನ ಬೋರ್ಡಿನ ಮೇಲೂ ವಿಜಯಪುರ! ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಅಗಲಿಕೆಯನ್ನು ‘ಈಗಿನ ಓದುಗರಿಗೆ ಹತ್ತಿರ ಆಗಲಿ’ ಎಂದು 2016ಕ್ಕೆ ತಳ್ಳಿದ್ದರು, ಆದರೆ ತೀರ್ಪಿನ ಸುದ್ದಿ ಇರುವ ಪೇಪರನ್ನು ಇಬ್ಬರೂ ಓದುವ ಪುಟ ಹಾಗೆಯೇ ಇತ್ತು. ಕಥೆಯ ಬೆನ್ನೆಲುಬೇ ಮುರಿದಿತ್ತು.

ಅದನ್ನಾದರೂ ತಾಳಿಕೊಳ್ಳಬಹುದಿತ್ತು. ಕೊನೆಯ ಅಧ್ಯಾಯ ತೆಗೆದು ಹೊಸದು ಬರೆದು ಹಾಕಿದ್ದರು. ನನ್ನ ಕಾದಂಬರಿಯಲ್ಲಿ ಇಬ್ಬರೂ ಅಗಲುವುದು ಕೊಲ್ಹಾರದಲ್ಲಿ, ಕೃಷ್ಣೆಯ ಉದ್ದ ಸೇತುವೆಗಿಂತ ಮುಂಚೆ, ಬಸ್ಸು ನಿಂತಾಗ ಗಡಿಗೆ ಮೊಸರು ಮಾರುವವರ ಗದ್ದಲದ ನಡುವೆ. ಕೊನೆಗೆ ಅದೇ ಸೇತುವೆ ದಾಟಿ ಒಬ್ಬ ಇನ್ನೊಬ್ಬನ ಊರಿಗೆ ಬರುತ್ತಾನೆ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಮನೆ ಮುಳುಗಿದ ಮನೆತನ ಅವನದು, ನವನಗರದಲ್ಲಿ ಹೊಸ ಮನೆ ಕಟ್ಟಿದವರು. ಕಳೆದುಹೋದ ಮೇಲೂ ಇನ್ನೊಂದು ಕಡೆ ಬದುಕು ಕಟ್ಟಬಹುದು ಎಂದು ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಆ ಊರು ತಂದಿದ್ದೆ. ಇವರು ಏನು ಮಾಡಿದ್ದರು ಗೊತ್ತಾ? ಅವನನ್ನು ಅದೇ ಸೇತುವೆಯಿಂದ ಹೊಳೆಗೆ ಹಾರಿಸಿದ್ದರು. ‘ಇಬ್ಬರೂ ಸುಖವಾಗಿದ್ರು ಅಂದ್ರ ಯಾರ್ ಅಳ್ತಾರ್ರಿ ಸರ? ಒಬ್ಬನ್ನ ಸಾಯಿಸಿದ್ರ ಪ್ರಶಸ್ತಿಗೂ ಹೋಗ್ತದ.’

ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ ಆಯಿತು. ನಮ್ಮ ಹುಡುಗರು ಚಿಕ್ಕಂದಿನಿಂದ ಕೇಳಿದ್ದೇ ಈ ಒಂದು ಮುಕ್ತಾಯ: ಇಂಥವರು ಸಾಯುತ್ತಾರೆ, ಇಲ್ಲ ಹುಚ್ಚರಾಗುತ್ತಾರೆ, ಇಲ್ಲ ಒಲ್ಲದ ಮದುವೆಗೆ ತಲೆ ಕೊಟ್ಟು ಒಂದು ಹೆಣ್ಣಿನ ಬಾಳನ್ನೂ ಹಾಳು ಮಾಡುತ್ತಾರೆ. ಯಾವುದೋ ತಾಲೂಕಿನಲ್ಲಿ ಹದಿನೆಂಟರ ಹುಡುಗ ಮೊಬೈಲಿನ ಬೆಳಕಿನಲ್ಲಿ ಇದನ್ನು ಓದುತ್ತಾನೆ. ಅವನಿಗೆ ಮೂವತ್ತೈದರ ಇಬ್ಬರು ಗಂಡಸರು ಸಂಜೆ ಚಹಾ ಮಾಡಿಕೊಂಡು, ಬಾಡಿಗೆ ಎಷ್ಟು, ಅವ್ವನಿಗೆ ಯಾವಾಗ ಹೇಳೋಣ ಎಂದು ಜಗಳ ಆಡುವ ಪುಟ ಬೇಕು. ಪ್ರೇಮಕಾದಂಬರಿ ಓದುಗರಿಗೆ ಕೊಡುವ ಮಾತೇ ಅದು, ಇವರು ಕೂಡುತ್ತಾರೆ ಎಂಬುದು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ, ಅದೂ ನನ್ನ ಕೊನೆಯ ಅಧ್ಯಾಯದಲ್ಲಿ ಬರುತ್ತದೆ. ಆ ದಿನವೂ ಇಬ್ಬರೂ ಒಂದೇ ಮನೆಯಲ್ಲಿ ಇರುತ್ತಾರೆ. ಅದನ್ನು ತೆಗೆದು ಹೆಣ ಇಡುವ ಹಕ್ಕು ಯಾವ ಸಂಪಾದಕನಿಗೂ ಇಲ್ಲ.

ಇದನ್ನು ಫೋನಿನಲ್ಲಿ ಜಗಳ ಮಾಡುತ್ತಿರುವಾಗಲೇ ಅವರು ಪ್ರಚಾರದ ಪೋಸ್ಟರ್ ಬಿಟ್ಟರು, ನನಗೆ ತೋರಿಸದೆ. ‘ಬಾಗಲಕೋಟೆಯ ನವನಗರದಲ್ಲಿ ನಡೆದ ಸತ್ಯಕಥೆ. ಆ ಮೇಷ್ಟ್ರು ಯಾರು?’ ನಮ್ಮ ಕಡೆ ವಾಟ್ಸಾಪ್ ಗುಂಪುಗಳು ಹೇಗೆ ಎಂದು ನಿಮಗೆ ಗೊತ್ತೇ ಇದೆ. ಒಂದು ರಾತ್ರಿ ಸಾಕು. ಮದುವೆಯಾಗದ ಮೇಷ್ಟ್ರೊಬ್ಬರ ಹೆಸರನ್ನು ಮಂದಿ ಆಡತೊಡಗಿದರು. ಅವರನ್ನು ನಾನು ನೋಡಿಯೂ ಇಲ್ಲ, ಅವರು ಯಾರನ್ನು ಪ್ರೀತಿಸುತ್ತಾರೆ ಎಂಬುದು ನನಗೂ ಬೇಡ, ಯಾರಿಗೂ ಬೇಡ. ಶಾಲೆಯ ಗೋಡೆಯ ಮೇಲೆ ಹುಡುಗರು ಏನೇನೋ ಬರೆದರಂತೆ. ಆ ಕಡೆ ನನ್ನ ಜೊತೆ ನಿಜವಾಗಿ ಮಾತಾಡಿದ್ದ ಒಬ್ಬರು ಫೋನ್ ಮಾಡಿ, ‘ಸತ್ಯಕಥಿ ಅಂದ್ರ ನಮ್ಮ ಹೆಸರು ಕೊಟ್ಟೀರೇನ್ರಿ?’ ಎಂದು ಕೇಳಿದರು. ಇಲ್ಲ ಎಂದು ಎಷ್ಟು ಹೇಳಿದರೂ ಅವರ ದನಿಯಲ್ಲಿ ನಂಬಿಕೆ ಬರಲಿಲ್ಲ. ಈಗ ಫೋನ್ ಎತ್ತುವುದಿಲ್ಲ.

ಪ್ರಕಾಶನದವರ ಉತ್ತರ: ‘ಪಬ್ಲಿಸಿಟಿ ರೀ ಸರ, ಮಂದಿ ಮಾತಾಡ್ಲಿ.’

ಕಾದಂಬರಿಯನ್ನು ಕಾದಂಬರಿ ಎಂದು ಮಾರಿದರೆ ಯಾರೂ ಯಾರನ್ನೂ ಹುಡುಕುವುದಿಲ್ಲ. ‘ಸತ್ಯಕಥೆ’ ಎಂಬ ಒಂದೇ ಪದ ಹಚ್ಚಿದ ಕೂಡಲೇ ಊರು ಬೆರಳು ತೋರಿಸಲು ಶುರು ಮಾಡುತ್ತದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು, ಒಬ್ಬರ ಲೈಂಗಿಕ ಒಲವೂ ಅದರ ಒಳಗೆ ಬರುತ್ತದೆ ಎಂದಿತು. ಪುಸ್ತಕ ಮಾರಲು ಅದನ್ನು ಬೀದಿಗೆ ತರುವುದು ಎಷ್ಟು ದೊಡ್ಡ ಅನ್ಯಾಯ ಎಂದು ಇವರಿಗೆ ತಟ್ಟಲೇ ಇಲ್ಲ.

ವಕೀಲರ ಹತ್ತಿರ ಹೋದೆ. ಅವರಿಂದ ತಿಳಿದದ್ದು ನಿಮಗೂ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಪ್ರಕಾರ, ಹಕ್ಕು ಬರೆದುಕೊಟ್ಟ ಮೇಲೂ ಲೇಖಕರ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ತಡೆಯಬಹುದು. 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಂದರೆ ‘ಸಂಪೂರ್ಣ ಹಕ್ಕು ನಮ್ಮದು’ ಎಂದು ಅವರು ಫೋನಿನಲ್ಲಿ ಗುಡುಗಿದಷ್ಟು ಕಾಗದದಲ್ಲಿ ಬಲ ಇರಲಿಲ್ಲ. ನೋಟಿಸ್ ಹೋದ ಮೇಲೆ ಪೋಸ್ಟರ್ ತೆಗೆದರು, ಪುಸ್ತಕ ಅಚ್ಚಿಗೆ ಹೋಗುವುದು ನಿಂತಿತು. ದುಡ್ಡಿನಲ್ಲಿ ಸ್ವಲ್ಪ ಬಂತು, ಜಾಸ್ತಿ ಬರಲಿಲ್ಲ. ಆ ಮೇಷ್ಟ್ರಿಗೆ ಯಾರೂ ಕ್ಷಮೆ ಕೇಳಲಿಲ್ಲ.

ಹಾಗಾಗಿ ಯಾರಿಗೇ ಹಸ್ತಪ್ರತಿ ಕೊಡಿ, ಒಪ್ಪಂದದಲ್ಲಿ ಮೂರು ಮಾತು ಬರೆಸಿಕೊಳ್ಳಿ: ಲೇಖಕರ ಲಿಖಿತ ಒಪ್ಪಿಗೆ ಇಲ್ಲದೆ ಕಥೆ, ಕಾಲ, ಮುಕ್ತಾಯ ಬದಲಿಸಬಾರದು. ಮುಖಪುಟ, ಬೆನ್ನುಡಿ, ಪ್ರಚಾರ ಎಲ್ಲ ಮೊದಲು ಲೇಖಕರಿಗೆ ತೋರಿಸಬೇಕು. ‘ಸತ್ಯಕಥೆ’, ‘ನಿಜ ಘಟನೆ ಆಧಾರಿತ’ ಎಂದು ಎಲ್ಲೂ ಹಾಕಬಾರದು. ಇದನ್ನು ಬರೆಯಲು ಒಪ್ಪದವರು ಪುಕ್ಕಟೆ ಹಾಕುತ್ತೇವೆ ಎಂದರೂ ಬೇಡ. ನಿಮ್ಮ ಜೊತೆ ಮಾತಾಡಿದವರ ವಿವರ ಯಾರು ಕೇಳಿದರೂ, ಸಂಪಾದಕರು ‘ಖಾತ್ರಿಗೆ’ ಎಂದು ಕೇಳಿದರೂ, ಕೊಡಬೇಡಿ. ನನ್ನ ಹತ್ತಿರವೂ ಕೇಳಿದ್ದರು, ನಾನು ಕೊಟ್ಟಿರಲಿಲ್ಲ, ಅದೊಂದು ಇವತ್ತಿಗೂ ಸಮಾಧಾನ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಖಂಡಿತ ಸೇರಿಸುತ್ತೇವೆ ಎಂಬ ಮಾತನ್ನೂ ನಂಬಬೇಡಿ, ಪುಸ್ತಕ ಆರಿಸುವುದು ಸಮಿತಿ, ಪ್ರಕಾಶಕರಲ್ಲ.

ನನ್ನ ಹಸ್ತಪ್ರತಿ ಈಗ ನನ್ನ ಹತ್ತಿರವೇ ಇದೆ. ಬಿಜಾಪುರ ಬಿಜಾಪುರವಾಗಿಯೇ ಇದೆ, ಇಬ್ಬರೂ ಬದುಕಿದ್ದಾರೆ. ಮೇಷ್ಟ್ರ ಪಾತ್ರದ ಕೆಲಸವನ್ನೂ ಊರನ್ನೂ ಬದಲಿಸುತ್ತಿದ್ದೇನೆ, ಆ ಬಾಗಲಕೋಟೆಯ ಮನುಷ್ಯರಿಗೆ ಮತ್ತೆ ಬಿಸಿ ತಟ್ಟಬಾರದು. ಯಾರಾದರೂ ಇಂಥ ಪ್ಯಾಕೇಜಿನ ಒಪ್ಪಂದ ಕೈಯಲ್ಲಿ ಹಿಡಿದು ಕೂತಿದ್ದರೆ, ಸಹಿ ಮಾಡುವ ಮುಂಚೆ ನನಗೆ ಕಳಿಸಿ. ನನ್ನ ಒಪ್ಪಂದದ ಪ್ರತಿಯಲ್ಲಿ ಹೆಸರು ಮುಚ್ಚಿ ನಿಮಗೆ ಕೊಡುತ್ತೇನೆ, ಎರಡನ್ನೂ ಪಕ್ಕಕ್ಕಿಟ್ಟು ಸಾಲು ಸಾಲಾಗಿ ಓದೋಣ.